ಲೇಸರ್ ನಂತರ ಕಣ್ಣಿಗೂ ಬೇಕು ಕಾಲಾವಕಾಶ

ಕನ್ನಡಕದ ಸಹವಾಸ ಸಾಕೆಂದು ಲೇಸಿಕ್ ಚಿಕಿತ್ಸೆ ಮಾಡಿಸಿಕೊಂಡ ವಿದ್ಯಾರ್ಥಿಗೆ ಮರುದಿನವೇ ಗೋಡೆ ಗಡಿಯಾರದ ಮುಳ್ಳು ಸ್ಪಷ್ಟವಾಗಿ ಕಾಣಬಹುದು. ಆದರೆ ವಾರ ಕಳೆದ ಮೇಲೆ, ಬೆಳಿಗ್ಗೆ ಚೆನ್ನಾಗಿ ಕಂಡ ಅಕ್ಷರ ಸಂಜೆ ಮಸುಕಾದರೆ? ಮನೆಯವರು ಗಾಬರಿಯಾಗುವುದು ಸಹಜ.

ಕಾರಣ ಸರಳ. ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾದಲ್ಲಿ ತೆಳುವಾದ ಪದರವೊಂದನ್ನು ಎತ್ತಿ, ಎಕ್ಸೈಮರ್ ಲೇಸರ್‌ನಿಂದ ಕೆಳಭಾಗದ ಆಕಾರ ತಿದ್ದಿ, ಪದರವನ್ನು ಮತ್ತೆ ಮುಚ್ಚುತ್ತಾರೆ. ಆಗ ಸೂಕ್ಷ್ಮ ನರಗಳು ತುಂಡಾಗುವುದರಿಂದ ಅನೇಕರಿಗೆ ಕೆಲವು ತಿಂಗಳು ಕಣ್ಣು ಒಣಗುತ್ತದೆ. ಕಣ್ಣೀರಿನ ಲೇಪ ಆರಿದಾಗಲೆಲ್ಲ ನೋಟ ಮಸುಕಾಗುತ್ತದೆ. ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಕಾಣುವುದೂ ಉಂಟು. ದೃಷ್ಟಿ ಸ್ಥಿರವಾಗಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಪದರ ಎತ್ತದೆ ಮಾಡುವ ಪಿಆರ್‌ಕೆ ಚಿಕಿತ್ಸೆಯಲ್ಲಿ ಮೊದಲ ಕೆಲವು ದಿನ ನೋವು, ಮಸುಕು ಇನ್ನೂ ಹೆಚ್ಚು.

ಆದ್ದರಿಂದ ಪರೀಕ್ಷೆ ಹತ್ತಿರವಿರುವಾಗ ಈ ಚಿಕಿತ್ಸೆ ಬೇಡ. ವಯಸ್ಸು 18 ತುಂಬಿರಬೇಕು. ಒಂದು ವರ್ಷವಾದರೂ ಕನ್ನಡಕದ ನಂಬರ್ ಬದಲಾಗದೆ ಇರಬೇಕು. ಚಿಕಿತ್ಸೆಯ ನಂತರ ವೈದ್ಯರು ಕೊಟ್ಟ ಹನಿ ಔಷಧ ತಪ್ಪಿಸಬೇಡಿ, ಕಣ್ಣು ಉಜ್ಜಬೇಡಿ. ಓದುವಾಗ ನಡುನಡುವೆ ರೆಪ್ಪೆ ಮಿಟುಕಿಸಿ.

ಮಸುಕು ಬಂದು ಹೋಗುತ್ತಿದ್ದರೆ ತಾಳ್ಮೆ ಸಾಕು. ನೋವು, ಕೆಂಪು ಹೆಚ್ಚಿದರೆ ಅಥವಾ ನೋಟ ದಿಢೀರನೆ ಕುಗ್ಗಿದರೆ ಮಾತ್ರ ಕಾಯದೆ ಅಂದೇ ವೈದ್ಯರನ್ನು ಕಾಣಿ.