ಟೈಮಿಂಗ್ ಬೆಲ್ಟ್: ಒಂದೇ ಹಲ್ಲು ತಪ್ಪಿದರೂ ಎಂಜಿನಿಗೆ ಆಪತ್ತು

ಮಾರುತಿ 800, ಹಳೆಯ ಝೆನ್, ಎಸ್ಟೀಮ್, ಮೊದಲ ತಲೆಮಾರಿನ ಸ್ಯಾಂಟ್ರೊ ಕಾರುಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ನಗರಗಳಲ್ಲಿ ಈಗಲೂ ಇದ್ದಾರೆ. ಮಾರುತಿಯ ಕೆ ಸರಣಿಯ ಎಂಜಿನುಗಳಿಗೆ ಸರಪಳಿ ಬಂದಿದೆಯಾದರೂ ಈ ಹಳೆಯ ಕಾರುಗಳ ಎಂಜಿನುಗಳು ನೆಚ್ಚಿಕೊಂಡಿರುವುದು ಹಲ್ಲುಗಳುಳ್ಳ ರಬ್ಬರಿನ ಟೈಮಿಂಗ್ ಬೆಲ್ಟನ್ನು. ಸಲಕರಣೆ ಮತ್ತು ತಾಳ್ಮೆ ಇದ್ದವರು ಅದನ್ನು ಮನೆಯಂಗಳದಲ್ಲೇ ಬದಲಿಸಬಹುದು.

ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ, ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಲೆಕ್ಕವನ್ನು ಕಾಯುವುದೇ ಬೆಲ್ಟಿನ ಕೆಲಸ. ಒಂದು ಹಲ್ಲು ಜಿಗಿದರೆ ಎಳೆತ ಕುಗ್ಗಿ, ಎಂಜಿನು ನಡುಗುತ್ತದೆ. ಬೆಲ್ಟ್ ತುಂಡಾದರಂತೂ, ಕೆಲವು ವಿನ್ಯಾಸಗಳಲ್ಲಿ ಪಿಸ್ಟನ್ನುಗಳು ತೆರೆದ ವಾಲ್ವುಗಳಿಗೆ ಬಡಿದು ಅವು ಬಾಗುತ್ತವೆ. ದುರಸ್ತಿಯ ಖರ್ಚು ಹಳೆಯ ಕಾರಿನ ಬೆಲೆಯನ್ನೇ ಮೀರುವ ಸಂಭವವುಂಟು. ತುಂಡಾಗುವ ಮುನ್ನ ಬೆಲ್ಟ್ ಸೂಚನೆ ಕೊಡುವುದು ಅಪರೂಪ. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಆಗಲೇ ಬದಲಿಸತಕ್ಕದ್ದು. ಕಾರು ಹೆಚ್ಚು ಓಡಿಲ್ಲವೆಂದು ಸುಮ್ಮನಿರುವಂತಿಲ್ಲ, ನಿಂತಲ್ಲಿಯೂ ರಬ್ಬರಿಗೆ ವಯಸ್ಸಾಗುತ್ತದೆ.

ಎಂಜಿನು ಪೂರ್ಣ ತಣ್ಣಗಾದ ಬಳಿಕ ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಿಟ್ಟರೆ ಕೈಯಿಂದ ತಿರುಗಿಸುವುದು ಹಗುರ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಬಿಚ್ಚುವುದೇ ಹಲವರನ್ನು ಸೋಲಿಸುವ ಹಂತ. ಸ್ಟಾರ್ಟರ್ ಮೋಟಾರಿನ ಬಲದಿಂದ ಅದನ್ನು ಸಡಿಲಿಸುವ ಸಾಹಸ ಬೇಡ.

ಹಳೆಯ ಬೆಲ್ಟ್ ತೆಗೆಯುವ ಮೊದಲು ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳ ಮೇಲಿನ ಗುರುತುಗಳು ಎಂಜಿನಿನ ಮೇಲಿನ ಗುರುತುಗಳಿಗೆ ಎದುರಾಗುವಂತೆ ನಿಲ್ಲಿಸಬೇಕು. ಹೊಸ ಬೆಲ್ಟ್ ಹಾಕುವಾಗ ಟೆನ್ಷನರ್ ಇಲ್ಲದ ಬದಿಯಲ್ಲಿ ಸಡಿಲ ಉಳಿಯಕೂಡದು. ಸಡಿಲವೆಲ್ಲ ಟೆನ್ಷನರ್ ಬದಿಗೆ ಬರಬೇಕು. ಇದನ್ನು ಮರೆತವರ ಎಂಜಿನಿನಲ್ಲೇ ಬಿಗಿದ ಬಳಿಕ ಒಂದು ಹಲ್ಲು ಆಚೀಚೆಯಾಗುವುದು. ಬೆಲ್ಟನ್ನು ಮಡಚುವುದಾಗಲಿ, ಎಣ್ಣೆ ಸೋಕಿಸುವುದಾಗಲಿ ಸಲ್ಲದು.

ಸ್ಪ್ರಿಂಗ್ ಇರುವ ಟೆನ್ಷನರ್ ಆದರೆ ಬಿಗಿತವನ್ನು ಸ್ಪ್ರಿಂಗಿಗೇ ಬಿಡುವುದು ಲೇಸು. ಅದರ ಬೋಲ್ಟನ್ನು ಸಡಿಲಿಸಿಟ್ಟು, ಎಂಜಿನು ಓಡುವ ದಿಕ್ಕಿನಲ್ಲಿ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಅನಂತರ ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯುವುದು ಸಾಮಾನ್ಯ ಕ್ರಮ. ಹಿಮ್ಮುಖವಾಗಿ ತಿರುಗಿಸಬಾರದು. ಒಂದು ಸುತ್ತಿಗೆ ಕ್ಯಾಮ್ ಗುರುತು ಎದುರು ಬದಿಯಲ್ಲಿ ಕಂಡರೆ ಗಾಬರಿ ಬೇಡ, ಎರಡನೆಯ ಸುತ್ತಿಗೆ ಎರಡೂ ಕೂಡುತ್ತವೆ. ಕೂಡದಿದ್ದರೆ ಬೆಲ್ಟ್ ಬಿಚ್ಚಿ ಮೊದಲಿನಿಂದ ಆರಂಭಿಸಬೇಕು. ತಿರುಗಿಸುವಾಗ ಏನಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲಿಯೇ ನಿಲ್ಲಿಸತಕ್ಕದ್ದು. ತಡೆದದ್ದು ವಾಲ್ವ್ ಇರಬಹುದು.

ಕೈಯಿಂದ ಬಿಗಿಯುವ ಟೆನ್ಷನರುಗಳಲ್ಲಿ, ಉದ್ದನೆಯ ಭಾಗದ ನಡುವೆ ಬೆಲ್ಟನ್ನು ಎರಡು ಬೆರಳುಗಳಿಂದ ಕಾಲು ಸುತ್ತು ಹೊರಳಿಸಿ ನೋಡುವುದು ಮೆಕ್ಯಾನಿಕ್‌ಗಳ ಹಳೆಯ ರೂಢಿ. ಅಂದಾಜಿಗೆ ಅದು ಸಾಕು, ಕೈಪಿಡಿಯ ಅಳತೆಗೆ ಬದಲಲ್ಲ. ಅತಿಬಿಗಿಯಾದರೆ ಎಂಜಿನು ಓಡುವಾಗ ಕೊರೆಯುವಂಥ ಸದ್ದು ಬಂದು ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ಹಲ್ಲು ಜಿಗಿಯುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಬೆಲ್ಟನ್ನಷ್ಟೇ ಕೊಳ್ಳದೆ ಟೆನ್ಷನರ್ ಬೇರಿಂಗನ್ನೂ ಜೊತೆಗೆ ಕೊಳ್ಳುವುದು ಉಚಿತ. ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುವ ಎಂಜಿನಾದರೆ ಪಂಪಿನ ಸೋರಿಕೆಯನ್ನು ಆಗಲೇ ನೋಡಿಕೊಳ್ಳಬೇಕು. ಎರಡು ಕ್ಯಾಮ್‌ಗಳ ಅಥವಾ ಡೀಸೆಲ್ ಎಂಜಿನಿಗೆ ಕ್ಯಾಮ್ ಹಿಡಿದಿಡುವ ವಿಶೇಷ ಸಲಕರಣೆ ಬೇಕೆಂದು ಕೈಪಿಡಿ ಹೇಳಿದ್ದರೆ, ಆ ಕೆಲಸವನ್ನು ವರ್ಕ್‌ಶಾಪಿಗೆ ಒಪ್ಪಿಸುವುದೇ ಅಗ್ಗ.