ಕಾವಲು ನಾಯಿಯ ಕೆನಲ್: ಮೊದಲ ಐದು ನಾಯಿಗಳಲ್ಲೇ ಅಡಗಿದೆ ಇಡೀ ವಂಶದ ಭವಿಷ್ಯ

ಊರಿಗಾಂ: ಭಾರೀ ಗಾತ್ರದ ಕಾವಲು ನಾಯಿಯೊಂದನ್ನು ಸಾಕಬೇಕೆಂಬ ಆಸೆ ಕೋಲಾರದ ಚಿನ್ನದ ಗಣಿ ಪ್ರದೇಶದಿಂದ ಹಿಡಿದು ಬೆಂಗಳೂರು, ಹುಬ್ಬಳ್ಳಿಗಳ ಹೊಸ ಬಡಾವಣೆಗಳವರೆಗೆ ಎಲ್ಲೆಡೆ ಇದೆ. ಮರಿ ಕೊಳ್ಳುವವರು ಅದರ ತಲೆಯ ಗಾತ್ರ, ಕಾಲಿನ ದಪ್ಪ, ಬಣ್ಣ ಮತ್ತು ಬೆಲೆಯನ್ನು ವಿಚಾರಿಸುತ್ತಾರೆ. ಆದರೆ ಆ ಮರಿಯ ಆರೋಗ್ಯ, ಆಯಸ್ಸು ಹಾಗೂ ಸ್ವಭಾವಗಳ ಬಹುಪಾಲು ನಿರ್ಧಾರವಾಗುವುದು ಅದು ಹುಟ್ಟುವುದಕ್ಕೂ ಹಲವು ವರ್ಷ ಮೊದಲು, ಕೆನಲ್‌ನ ಒಡೆಯ ಆರಿಸಿ ತಂದ ಮೊದಲ ನಾಲ್ಕಾರು ನಾಯಿಗಳಲ್ಲಿ. ತಳಿ ಸಂವರ್ಧಕರು ಇವುಗಳನ್ನು 'ಬುನಾದಿ ನಾಯಿಗಳು' ಎಂದು ಕರೆಯುತ್ತಾರೆ.

ಅದಿರಿನಲ್ಲಿ ಇಲ್ಲದ ಚಿನ್ನವನ್ನು ಯಾವ ಗಿರಣಿಯೂ ತೆಗೆದುಕೊಡಲಾರದೆಂಬುದು ಗಣಿನಾಡಿನವರಿಗೆ ಹೊಸ ಮಾತಲ್ಲ. ಕೆನಲ್‌ನ ನಿಯಮವೂ ಅದೇ. ಬುನಾದಿ ನಾಯಿಗಳಲ್ಲಿ ಇಲ್ಲದ ಒಳ್ಳೆಯ ಗುಣ, ಹೊರಗಿನ ರಕ್ತ ಬರುವವರೆಗೂ ಮುಂದಿನ ಪೀಳಿಗೆಗಳಲ್ಲಿ ಕಾಣಿಸದು. ಅವುಗಳಲ್ಲಿ ಅಡಗಿರುವ ದೋಷ ಮಾತ್ರ ಒಂದಲ್ಲ ಒಂದು ದಿನ ಹೊರಬರುತ್ತದೆ.

ತಳಿಗಳು ರೂಪುಗೊಂಡ ಬಗೆ

ಇಂದು ಪ್ರಸಿದ್ಧವಾಗಿರುವ ದೊಡ್ಡ ಕಾವಲು ತಳಿಗಳಲ್ಲಿ ಹಲವು ಕೆಲವೇ ವ್ಯಕ್ತಿಗಳ ಕೆನಲ್‌ಗಳಿಂದ ಹೊರಬಂದವು. ಇಂಗ್ಲೆಂಡಿನ ಬುಲ್‌ಮಾಸ್ಟಿಫ್ ಇದಕ್ಕೆ ಉತ್ತಮ ನಿದರ್ಶನ. 19ನೇ ಶತಮಾನದಲ್ಲಿ ಅಲ್ಲಿನ ಜಮೀನ್ದಾರರ ಕಾಡುಗಳಲ್ಲಿ ಕಳ್ಳಬೇಟೆಗಾರರ ಹಾವಳಿ ವಿಪರೀತವಾಗಿತ್ತು. ಕತ್ತಲಲ್ಲಿ ಸದ್ದಿಲ್ಲದೆ ಹೋಗಿ, ಆಸಾಮಿಯನ್ನು ಕೆಡವಿ, ಕಚ್ಚಿ ಹರಿಯದೆ ಹಿಡಿದಿಡುವ ನಾಯಿ ಕಾವಲುಗಾರರಿಗೆ ಬೇಕಾಗಿತ್ತು. ಮಾಸ್ಟಿಫ್‌ಗೆ ಬಲವಿದ್ದರೂ ವೇಗವಿರಲಿಲ್ಲ. ಅಂದಿನ ಬುಲ್‌ಡಾಗ್‌ಗೆ ಛಲವಿದ್ದರೂ ಗಾತ್ರವಿರಲಿಲ್ಲ. ಎರಡನ್ನೂ ಕೂಡಿಸುವ ಪ್ರಯೋಗ ನಡೆಯಿತು. ಫಾರ್‌ಕ್ರಾಫ್ಟ್ ಕೆನಲ್‌ನ ಎಸ್.ಇ. ಮೋಸ್ಲಿ ಅದಕ್ಕೆ ಸ್ಥಿರ ರೂಪ ಕೊಟ್ಟವರಲ್ಲಿ ಪ್ರಮುಖರು. ಶೇ. 60 ಮಾಸ್ಟಿಫ್, ಶೇ. 40 ಬುಲ್‌ಡಾಗ್ ಎಂಬ ಲೆಕ್ಕ ಈ ತಳಿಯೊಂದಿಗೆ ಇಂದಿಗೂ ತಳುಕು ಹಾಕಿಕೊಂಡಿದೆ. 1924ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಇದಕ್ಕೆ ಮಾನ್ಯತೆ ನೀಡಿತು.

ಜರ್ಮನಿಯ ಅಪೋಲ್ಡಾ ಪಟ್ಟಣದಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಕಾರ್ಲ್ ಫ್ರೀಡ್ರಿಕ್ ಲೂಯಿಸ್ ಡೋಬರ್‌ಮನ್ ತನ್ನ ರಕ್ಷಣೆಗೆಂದು ಬೆಳೆಸಿದ ನಾಯಿಗಳಿಂದ ಡೋಬರ್‌ಮನ್ ತಳಿ ಹುಟ್ಟಿತು. ಲಿಯೋನ್‌ಬರ್ಗ್ ಪಟ್ಟಣದ ಹೈನ್‌ರಿಕ್ ಎಸ್ಸಿಗ್ 1840ರ ದಶಕದಲ್ಲಿ ಸಿಂಹದಂತಹ ಕೇಸರವುಳ್ಳ ಲಿಯೋನ್‌ಬರ್ಗರ್ ತಳಿಯನ್ನು ಬೆಳೆಸಿದರು.

ಈ ಎರಡು ತಳಿಗಳ ನಂತರದ ಕಥೆ ಎಚ್ಚರಿಕೆಯ ಪಾಠವೂ ಹೌದು. ಎರಡು ಮಹಾಯುದ್ಧಗಳ ಅವಧಿಯಲ್ಲಿ ಲಿಯೋನ್‌ಬರ್ಗರ್ ಸಂತತಿ ಬೆರಳೆಣಿಕೆಗೆ ಇಳಿದು, ಉಳಿದವುಗಳಿಂದಲೇ ತಳಿಯನ್ನು ಮತ್ತೆ ಕಟ್ಟಬೇಕಾಯಿತು. ಕಾಲಿನ ಮತ್ತು ಗಂಟಲಿನ ನರಗಳನ್ನು ಕ್ಷೀಣಗೊಳಿಸುವ ಆನುವಂಶಿಕ ವ್ಯಾಧಿಯೊಂದು ಈ ತಳಿಯನ್ನು ಇಂದಿಗೂ ಕಾಡುತ್ತಿದೆ. ಡೋಬರ್‌ಮನ್‌ನಲ್ಲಿ ಹೃದಯದ ಸ್ನಾಯು ತೆಳುವಾಗಿ ಹಿಗ್ಗುವ ಕಾಯಿಲೆ ವ್ಯಾಪಕವಾಗಿದೆ.

ಲೆಕ್ಕ ಏನು ಹೇಳುತ್ತದೆ?

ಪ್ರತಿ ಮರಿಯೂ ಒಂದೊಂದು ವಂಶವಾಹಿಯ ಎರಡು ಪ್ರತಿಗಳನ್ನು ಪಡೆಯುತ್ತದೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಅನೇಕ ಕಾಯಿಲೆಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ನಾಯಿ ಆರೋಗ್ಯವಾಗಿಯೇ ಇರುತ್ತದೆ. ಅಂಥ ಎರಡು ನಾಯಿಗಳು ಕೂಡಿದಾಗ ಮಾತ್ರ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ರೋಗ ತಗಲುತ್ತದೆ. ಎರಡೂ ನಾಯಿಗಳು ಒಂದೇ ಅಜ್ಜನ ಮೊಮ್ಮಕ್ಕಳಾಗಿದ್ದರೆ ಈ ಅಪಾಯ ಹೆಚ್ಚು. ಒಡಹುಟ್ಟಿದ ನಾಯಿಗಳನ್ನು ಕೂಡಿಸಿದರೆ ಮರಿಗಳ ಒಳಸಂಬಂಧದ ಪ್ರಮಾಣ ಶೇ. 25, ಮಲಸಹೋದರರಾದರೆ ಶೇ. 12.5.

ಕೆನಲ್ ಆರಂಭಿಸುವವರು ಸಾಮಾನ್ಯವಾಗಿ ಒಂದು ಹೆಸರುವಾಸಿ ಗಂಡು ಹಾಗೂ ನಾಲ್ಕು ಹೆಣ್ಣುಗಳಿಂದ ತೊಡಗುತ್ತಾರೆ. ನೋಟಕ್ಕೆ ಐದು ನಾಯಿಗಳಿದ್ದರೂ ಅನುವಂಶಶಾಸ್ತ್ರದ ಲೆಕ್ಕದಲ್ಲಿ ಅವು 3.2 ನಾಯಿಗಳಿಗೆ ಸಮ. ಎಲ್ಲ ಮರಿಗಳಿಗೂ ತಂದೆ ಒಬ್ಬನೇ ಆಗಿರುವುದೇ ಇದಕ್ಕೆ ಕಾರಣ. ಇಷ್ಟು ಕಿರಿದಾದ ಗುಂಪು ತಲೆಮಾರಿಗೆ ಸುಮಾರು ಶೇ. 15.6ರಷ್ಟು ವೈವಿಧ್ಯವನ್ನು ಕಳೆದುಕೊಳ್ಳುತ್ತದೆ. ಹೊರಗಿನ ರಕ್ತವಿಲ್ಲದೆ ಹೀಗೆಯೇ ಐದು ತಲೆಮಾರು ಸಾಗಿದರೆ ಮೂಲ ವೈವಿಧ್ಯದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ನಷ್ಟ. ಅದೇ ಐದು ನಾಯಿಗಳಲ್ಲಿ ಎರಡು ಗಂಡು, ಮೂರು ಹೆಣ್ಣು ಇದ್ದರೆ ಲೆಕ್ಕ 4.8ಕ್ಕೆ ಏರುತ್ತದೆ, ನಷ್ಟ ತಲೆಮಾರಿಗೆ ಶೇ. 10.4ಕ್ಕೆ ಇಳಿಯುತ್ತದೆ. ಒಂದು ಗಂಡು ನಾಯಿಯ ವ್ಯತ್ಯಾಸ ಇಷ್ಟು ದೊಡ್ಡದು.

ಭಾರೀ ತಳಿಗಳಲ್ಲಿ ಗಾತ್ರವೇ ಇನ್ನೊಂದು ಸಮಸ್ಯೆ. ಸೊಂಟದ ಕೀಲು ಸರಿಯಾಗಿ ಕೂಡದಿರುವುದು, ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವುದು, ಮೂಳೆಯ ಕ್ಯಾನ್ಸರ್ ಇವು ದೊಡ್ಡ ನಾಯಿಗಳಲ್ಲೇ ಹೆಚ್ಚು. ಸೊಂಟದ ದೋಷ ಮರಿಯಲ್ಲಿ ಕಣ್ಣಿಗೆ ಕಾಣದು. ಆದ್ದರಿಂದ ನಾಯಿ ಪೂರ್ಣ ಬೆಳೆದ ಮೇಲೆ ಎಕ್ಸ್-ರೇ ತೆಗೆಸಿ, ನಂತರವೇ ಬುನಾದಿಗೆ ಆರಿಸುವುದು ಸರಿಯಾದ ಕ್ರಮ. ಸ್ವಭಾವವೂ ಭಾಗಶಃ ವಂಶದಿಂದ ಬರುವ ಕಾರಣ, ಅಂಜುಬುರುಕ ಅಥವಾ ಅಕಾರಣವಾಗಿ ಎರಗುವ ನಾಯಿ ಎಷ್ಟೇ ಸುಂದರವಾಗಿದ್ದರೂ ಬುನಾದಿಗೆ ತಕ್ಕುದಲ್ಲ.

ಮುಧೋಳದ ಪಾಠ

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಅನುಭವವಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಭಾರೀ ಕಾವಲು ತಳಿಯಲ್ಲ. ತೆಳು ಮೈಯ, ದೃಷ್ಟಿಯ ಬಲದಿಂದ ಓಡಿ ಹಿಡಿಯುವ ಬೇಟೆ ನಾಯಿ. ಆದರೆ ಬುನಾದಿ ನಾಯಿಗಳಿಂದ ತಳಿಯೊಂದನ್ನು ಉಳಿಸಿದ ಕಥೆಯಾಗಿ ಅದು ಇಲ್ಲಿ ಪ್ರಸ್ತುತ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಸ್ಥಳೀಯ ಬೇಟೆಗಾರರ ಬಳಿಯಿದ್ದ ನಾಯಿಗಳಲ್ಲಿ ಉತ್ತಮವಾದವನ್ನು ಆರಿಸಿ ಪೋಷಿಸಿದರು. ಇಂದು ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಅಂಚೆಚೀಟಿ ಹೊರತಂದಿತು. 2016ರಲ್ಲಿ ಮುಧೋಳದ ಮರಿಗಳು ಸೇನೆಯ ತರಬೇತಿಗಾಗಿ ಮೀರತ್‌ಗೆ ತೆರಳಿದವು.

ಮುಧೋಳದ ಸುತ್ತಲಿನ ಅನೇಕ ರೈತ ಕುಟುಂಬಗಳು ಈ ನಾಯಿಗಳನ್ನು ಸಾಕುತ್ತಿರುವುದು ತಳಿಗೆ ದೊಡ್ಡ ಆಸರೆ. ಒಂದೇ ಕೆನಲ್‌ನಲ್ಲಿ ಕಟ್ಟಿಹಾಕಿದ ರಕ್ತ ಬೇಗ ಬತ್ತುತ್ತದೆ. ನೂರು ಮನೆಗಳಲ್ಲಿ ಹಂಚಿಕೊಂಡ ರಕ್ತ ಬಾಳುತ್ತದೆ.

ಕಾನೂನಿನ ಚೌಕಟ್ಟು

2017ರ ನಾಯಿ ಸಂವರ್ಧನೆ ಹಾಗೂ ಮಾರಾಟ ನಿಯಮಗಳ ಪ್ರಕಾರ ಸಂವರ್ಧಕರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಗಳನ್ನು ಮಾರುವಂತಿಲ್ಲ. ವಾಣಿಜ್ಯ ಸಂವರ್ಧನೆಗಾಗಿ ವಿದೇಶಿ ನಾಯಿಗಳ ಆಮದಿಗೆ 2016ರಲ್ಲಿ ಕೇಂದ್ರವು ತಡೆ ಹಾಕಿತು. ಹೊರಗಿನ ರಕ್ತ ಸುಲಭವಾಗಿ ದೊರೆಯದ ಈ ಸ್ಥಿತಿಯಲ್ಲಿ ದೇಶದೊಳಗಿನ ಬುನಾದಿ ನಾಯಿಗಳ ಆಯ್ಕೆ ಇನ್ನಷ್ಟು ಮಹತ್ವ ಪಡೆದಿದೆ.

2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನೆ ಇಲಾಖೆಯು ರಾಟ್‌ವೈಲರ್, ಮಾಸ್ಟಿಫ್, ಕಕೇಷಿಯನ್ ಶೆಫರ್ಡ್ ಸೇರಿದಂತೆ 23 ಬಗೆಯ ನಾಯಿಗಳನ್ನು ಅಪಾಯಕಾರಿ ಎಂದು ಹೆಸರಿಸಿ, ಅವುಗಳ ಮಾರಾಟ ಮತ್ತು ಸಂವರ್ಧನೆ ತಡೆಯುವಂತೆ, ಈಗಾಗಲೇ ಸಾಕಿರುವವಕ್ಕೆ ಸಂತಾನಹರಣ ಮಾಡಿಸುವಂತೆ ಸೂಚಿಸಿತ್ತು. ಸಂಬಂಧಪಟ್ಟವರ ಅಹವಾಲು ಆಲಿಸದೆ ಹೊರಡಿಸಿದ ಈ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್ 10ರಂದು ರದ್ದುಪಡಿಸಿತು. ಆದರೂ ಮೂಲ ಪ್ರಶ್ನೆ ಉಳಿದೇ ಇದೆ. ಹೊಣೆಗೇಡಿ ಸಂವರ್ಧನೆಯಿಂದ ಹುಟ್ಟಿದ ಐವತ್ತು ಕಿಲೋ ತೂಕದ ನಾಯಿ ಮನೆಯವರಿಗೂ ನೆರೆಯವರಿಗೂ ಅಪಾಯವೇ.

ಕೊಳ್ಳುವವರು ಕೇಳಬೇಕಾದದ್ದು

ಮರಿ ಕೊಳ್ಳುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಒಳಿತು. ತಾಯಿ ನಾಯಿಯನ್ನು ತೋರಿಸುವರೇ? ತಂದೆತಾಯಿಗಳ ಸೊಂಟ ಹಾಗೂ ಹೃದಯದ ಪರೀಕ್ಷಾ ವರದಿ ಇದೆಯೇ? ಕನಿಷ್ಠ ಮೂರು ತಲೆಮಾರಿನ ವಂಶಾವಳಿಯಲ್ಲಿ ಒಂದೇ ಹೆಸರು ಎಷ್ಟು ಬಾರಿ ಬಂದಿದೆ? ಅಜ್ಜ ಅಜ್ಜಿಯರು ಎಷ್ಟು ವರ್ಷ ಬದುಕಿದವು, ಯಾವುದರಿಂದ ಸತ್ತವು? ಈ ಪ್ರಶ್ನೆಗಳಿಗೆ ಸಿಡುಕದೆ, ದಾಖಲೆ ಸಮೇತ ಉತ್ತರಿಸುವ ಕೆನಲ್‌ನಲ್ಲಿ ಬುನಾದಿ ಭದ್ರವಾಗಿರುವ ಸಾಧ್ಯತೆ ಹೆಚ್ಚು. ಬೆಲೆಯ ಚೌಕಾಸಿ ಆಮೇಲಿನ ಮಾತು.