ಹಳೆಯ ನೆಲ, ಹೊಸ ಭಾರ

ರಾಕೆಟ್ ಮೇಲೇರುವಾಗ ನೋಡುಗರ ಕಣ್ಣು ಅದರ ಬೆನ್ನು ಹತ್ತಿ ಆಕಾಶಕ್ಕೆ ಹೋಗುತ್ತದೆ. ಅದು ಬಿಟ್ಟುಹೋದ ನೆಲದ ಕಡೆಗೆ ನೋಡುವವರು ವಿರಳ. ಆದರೆ ಯಾವ ದೊಡ್ಡ ರಾಕೆಟ್ಟೂ ಬರಿಯ ಬಯಲಿನಿಂದ ಏಳಲಾರದು. ಅದರ ಬೆಂಕಿಯನ್ನು ತಾಳಿಕೊಂಡು ಒಂದು ದಿಕ್ಕಿಗೆ ತಿರುಗಿಸುವ, ಕಡೆಯ ಗಳಿಗೆಯವರೆಗೂ ಅದಕ್ಕೆ ಇಂಧನವನ್ನು ಉಣಿಸುವ, ತಕ್ಕ ಕ್ಷಣದಲ್ಲಿ ಹಿಡಿತವನ್ನು ಸಡಿಲಿಸುವ ವೇದಿಕೆಯೊಂದು ಬೇಕು. ಅಂತಹದನ್ನು ಕಟ್ಟಲು ವರ್ಷಗಳೇ ಹಿಡಿಯುತ್ತವೆ. ರಾಕೆಟ್ಟಿನ ಕಾಲ ಮುಗಿದ ಮೇಲೂ ವೇದಿಕೆ ಉಳಿದಿರುತ್ತದೆ. ಒಂದು ರಾಕೆಟ್ಟಿನ ಅಳತೆಗೆಂದು ಕಟ್ಟಿದ್ದನ್ನು ಇನ್ನೊಂದಕ್ಕೆ ಒಗ್ಗಿಸುವುದು ಹೇಗೆ? ಏನನ್ನು ಉಳಿಸಬೇಕು, ಏನನ್ನು ಕಳಚಬೇಕು? ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿರುವ ಕೆನೆಡಿ ಬಾಹ್ಯಾಕಾಶ ಕೇಂದ್ರದ 39-ಎ ವೇದಿಕೆಯು ಅರ್ಧ ಶತಮಾನದಲ್ಲಿ ಈ ಪ್ರಶ್ನೆಯನ್ನು ಎರಡು ಬಾರಿ ಎದುರಿಸಿದೆ.

ಜೌಗಿನ ನಡುವೆ ಒಂದು ದಿಬ್ಬ

ಚಂದ್ರನಲ್ಲಿಗೆ ಮನುಷ್ಯನನ್ನು ಕಳುಹಿಸಲು ಸಿದ್ಧವಾದ ಸ್ಯಾಟರ್ನ್-5 ರಾಕೆಟ್ಟಿನ ಎತ್ತರ ಸುಮಾರು 110 ಮೀಟರ್. ಏಳುವಾಗ ಅದರ ನೂಕುಬಲ ಸುಮಾರು 3,400 ಟನ್. ಇಷ್ಟನ್ನು ಹೊರಬೇಕಾದ ನೆಲವೋ ಕಡಲಂಚಿನ ಜೌಗು. 1960ರ ದಶಕದ ಎಂಜಿನಿಯರುಗಳು ಮೊದಲು ಮಾಡಿದ್ದು ಕಬ್ಬಿಣದ ಕೆಲಸವಲ್ಲ, ಮಣ್ಣಿನ ಕೆಲಸ. ನೀರಿನಿಂದ ಬಗೆದು ತೆಗೆದ ಮರಳನ್ನು ಎತ್ತರಕ್ಕೆ ರಾಶಿ ಹಾಕಿ, ಅದರ ಭಾರಕ್ಕೆ ಅಡಿಯ ಮಣ್ಣು ಕುಗ್ಗಿ ಗಟ್ಟಿಯಾಗುವವರೆಗೆ ಕಾದರು. ಆ ಬಳಿಕವೇ ಅದರ ಮೇಲೆ ಕಾಂಕ್ರೀಟಿನ ದಿಬ್ಬ ಎದ್ದಿತು.

ದಿಬ್ಬದ ನಡುವೆ ಸೀಳಿದಂತೆ ಒಂದು ಕಂದಕ. ಅದರ ಉದ್ದ ಸುಮಾರು 137 ಮೀಟರ್, ಅಗಲ 18 ಮೀಟರ್, ಆಳ 13 ಮೀಟರ್. ರಾಕೆಟ್ಟಿನ ಜ್ವಾಲೆ ನೇರವಾಗಿ ಕೆಳಗೆ ಬಡಿದರೆ ನೆಲ ಒಡೆಯುತ್ತದೆ. ಒಡೆದ ಚೂರುಗಳು ಮೇಲಕ್ಕೆ ಚಿಮ್ಮಿ ರಾಕೆಟ್ಟಿಗೇ ತಗಲಬಹುದು. ಆದುದರಿಂದ ಜ್ವಾಲೆಯನ್ನು ಓರೆಯಾದ ತಡೆಯೊಂದರಿಂದ ತಿರುಗಿಸಿ ಕಂದಕದ ಮೂಲಕ ಹೊರಗೆ ಹರಿಯಬಿಡುತ್ತಾರೆ. ಕಂದಕದ ಗೋಡೆಗೆ ಬೆಂಕಿ ತಾಳುವ ಇಟ್ಟಿಗೆಯ ಹೊದಿಕೆ. ರಾಕೆಟ್ಟನ್ನು ಜೋಡಿಸುತ್ತಿದ್ದುದು ಐದೂವರೆ ಕಿಲೋಮೀಟರ್ ದೂರದ ಬೃಹತ್ ಕಟ್ಟಡದಲ್ಲಿ. ಅಲ್ಲಿಂದ ನೆಟ್ಟಗೆ ನಿಲ್ಲಿಸಿಯೇ, ಸುಮಾರು 2,700 ಟನ್ ತೂಗುವ ತೆವಳುಬಂಡಿಯ ಮೇಲೆ, ಹೊಳೆಗಲ್ಲು ಹಾಸಿದ ಅಗಲವಾದ ದಾರಿಯಲ್ಲಿ, ಗಂಟೆಗೆ ಒಂದೂವರೆ ಕಿಲೋಮೀಟರಿನಷ್ಟು ನಿಧಾನವಾಗಿ ತರುತ್ತಿದ್ದರು.

1967ರ ನವೆಂಬರ್ 9ರಂದು ಮೊದಲ ಸ್ಯಾಟರ್ನ್-5 ಇಲ್ಲಿಂದ ಎದ್ದಿತು. 1969ರ ಜುಲೈ 16ರಂದು ಅಪೊಲೊ-11 ಹೊರಟಿದ್ದೂ ಇಲ್ಲಿಂದಲೇ.

ಮೊದಲ ಮಾರ್ಪಾಡು

ಅಪೊಲೊ ಯೋಜನೆ ಮುಗಿದ ಮೇಲೆ ಬಂದದ್ದು ಸ್ಪೇಸ್ ಷಟಲ್. ಸ್ಯಾಟರ್ನ್ ಕಾಲದಲ್ಲಿ ಸೇವಾಗೋಪುರವು ರಾಕೆಟ್ಟಿನ ಜೊತೆಗೇ ತೆವಳುಬಂಡಿಯ ಮೇಲೆ ಬಂದು, ಕೆಲಸ ಮುಗಿದ ಬಳಿಕ ಹಿಂದಿರುಗುತ್ತಿತ್ತು. ಷಟಲ್‌ಗಾಗಿ ವೇದಿಕೆಯ ಮೇಲೆಯೇ ಸ್ಥಿರವಾದ ಗೋಪುರವನ್ನು ನಿಲ್ಲಿಸಲಾಯಿತು. ಅದಕ್ಕೆ ಬಳಸಿದ್ದು ಬಹುಪಾಲು ಅಪೊಲೊ ಗೋಪುರಗಳನ್ನೇ ಕತ್ತರಿಸಿ ತೆಗೆದ ಭಾಗಗಳು. ಅದರ ಪಕ್ಕದಲ್ಲಿ, ಬಾಗಿಲಿನಂತೆ ತಿರುಗಿ ಬಂದು ನೌಕೆಯನ್ನು ಅಪ್ಪಿಕೊಳ್ಳುವ ದೊಡ್ಡ ಉಕ್ಕಿನ ಚೌಕಟ್ಟನ್ನು ಹೊಸದಾಗಿ ಕಟ್ಟಿದರು.

ಲೆಕ್ಕಗಳೆಲ್ಲ ಸರಿಯಾಗಿದ್ದವೆಂದು ತೋರಿದರೂ 1981ರ ಏಪ್ರಿಲ್ 12ರಂದು ಮೊದಲ ಷಟಲ್ ಕೊಲಂಬಿಯಾ ಏಳುವಾಗ ಒಂದು ಪಾಠ ಕಾದಿತ್ತು. ಘನ ಇಂಧನದ ಎರಡು ಬೂಸ್ಟರುಗಳು ಹೊತ್ತಿಕೊಂಡ ಕ್ಷಣದಲ್ಲಿ ಎದ್ದ ಒತ್ತಡದ ಅಲೆ ಎಣಿಸಿದ್ದಕ್ಕಿಂತ ಬಲವಾಗಿತ್ತು. ಹಿಂದಿರುಗಿದ ನೌಕೆಯಲ್ಲಿ 16 ಉಷ್ಣರಕ್ಷಕ ಬಿಲ್ಲೆಗಳು ಇರಲೇ ಇಲ್ಲ; 148 ಬಿಲ್ಲೆಗಳಿಗೆ ಪೆಟ್ಟಾಗಿತ್ತು. ಮುಂದಿನ ಹಾರಾಟಕ್ಕೆ ಮೊದಲು ನೀರಿನ ವ್ಯವಸ್ಥೆಯನ್ನು ತಿದ್ದಲಾಯಿತು. ವೇದಿಕೆಯ ಪಕ್ಕದ ಎತ್ತರದ ತೊಟ್ಟಿಯಿಂದ ಸುಮಾರು 11 ಲಕ್ಷ ಲೀಟರ್ ನೀರು ಒಂದು ನಿಮಿಷದೊಳಗೆ ಧುಮುಕುತ್ತದೆ. ಉಡಾವಣೆಯ ವೇಳೆ ಕಾಣುವ ಬಿಳಿಯ ಮೋಡದ ದೊಡ್ಡ ಪಾಲು ಈ ನೀರಿನ ಹಬೆ. ನೀರು ಕಾವನ್ನು ಹೀರುವುದರ ಜೊತೆಗೆ ಶಬ್ದವನ್ನೂ ಹೀರುತ್ತದೆ. ಏಕೆಂದರೆ ಅಷ್ಟು ದೊಡ್ಡ ಶಬ್ದವೆಂದರೆ ಒತ್ತಡದ ಹೊಡೆತವೇ. ಅದು ನೆಲದಿಂದ ಮರಳಿ ಬಂದು ರಾಕೆಟ್ಟನ್ನೇ ಜಖಂಗೊಳಿಸಬಲ್ಲದು.

ಮುದಿತನವೂ ತನ್ನ ಗುರುತನ್ನು ತೋರಿಸದಿರಲಿಲ್ಲ. 2008ರ ಮೇ 31ರಂದು ಡಿಸ್ಕವರಿ ಹಾರಿದಾಗ ಕಂದಕದ ಗೋಡೆಯಿಂದ ಸಾವಿರಾರು ಇಟ್ಟಿಗೆಗಳು ಕಿತ್ತುಹೋದವು. ಆ ಜಾಗಕ್ಕೆ ಬೆಂಕಿ ತಾಳುವ ಕಾಂಕ್ರೀಟನ್ನು ಬಳಿದು ಕೆಲಸ ಮುಂದುವರಿಸಿದರು. 2011ರ ಜುಲೈ 8ರಂದು ಕಡೆಯ ಷಟಲ್ ಹೊರಡುವ ಹೊತ್ತಿಗೆ ಈ ಒಂದೇ ವೇದಿಕೆ 82 ಷಟಲ್‌ಗಳನ್ನು ಕಳುಹಿಸಿತ್ತು.

ಯಾರ ಪಾಲಿಗೆ?

ಷಟಲ್ ನಿಂತ ಮೇಲೆ ನಾಸಾದ ಬಳಿ ಒಂದೇ ಬಗೆಯ ಎರಡು ವೇದಿಕೆಗಳು ಉಳಿದವು. 39-ಬಿಯನ್ನು ತನ್ನ ಹೊಸ ಎಸ್‌ಎಲ್‌ಎಸ್ ರಾಕೆಟ್ಟಿಗಾಗಿ ಇಟ್ಟುಕೊಂಡು, 39-ಎಗೆ ಖಾಸಗಿ ಬಾಡಿಗೆದಾರರನ್ನು ಹುಡುಕಿತು. ಮುಂದೆ ಬಂದವು ಎರಡು ಕಂಪನಿಗಳು: ಸ್ಪೇಸ್‌ಎಕ್ಸ್ ಮತ್ತು ಬ್ಲೂ ಒರಿಜಿನ್. ವಿವಾದವು ಅಮೆರಿಕ ಸರಕಾರದ ಲೆಕ್ಕಪರಿಶೋಧನಾ ಕಚೇರಿಯವರೆಗೂ ಹೋಗಿ, 2013ರ ಡಿಸೆಂಬರಿನಲ್ಲಿ ಬ್ಲೂ ಒರಿಜಿನ್ನಿನ ಆಕ್ಷೇಪ ತಳ್ಳಿಹೋಯಿತು. 2014ರ ಏಪ್ರಿಲ್ 14ರಂದು ಸ್ಪೇಸ್‌ಎಕ್ಸ್ 20 ವರ್ಷಗಳ ಗುತ್ತಿಗೆಗೆ ಸಹಿ ಹಾಕಿತು. ಬ್ಲೂ ಒರಿಜಿನ್ ಸಮೀಪದ ಕೇಪ್ ಕೆನವೆರಲ್‌ನ 36ನೆಯ ವೇದಿಕೆಯ ತಾಣವನ್ನು ಪಡೆದು, ಅಲ್ಲಿ ಬಹುಮಟ್ಟಿಗೆ ಎಲ್ಲವನ್ನೂ ಹೊಸದಾಗಿ ಕಟ್ಟಿತು. ಅದರ ನ್ಯೂ ಗ್ಲೆನ್ ರಾಕೆಟ್ ಅಲ್ಲಿಂದ ಮೊದಲು ಹಾರಿದ್ದು 2025ರ ಜನವರಿ 16ರಂದು.

ಕಳಚಿದ್ದು, ಉಳಿಸಿದ್ದು

39-ಎಗೆ ಬರಲಿದ್ದ ಫಾಲ್ಕನ್ ಹೆವಿ ರಾಕೆಟ್ಟಿನ ನೂಕುಬಲ ಸುಮಾರು 2,300 ಟನ್. ಅಂದಿನ ಬಳಕೆಯ ರಾಕೆಟ್ಟುಗಳಲ್ಲಿ ಅದೇ ಎಲ್ಲಕ್ಕಿಂತ ಬಲಶಾಲಿ. ಆದರೂ ಸ್ಯಾಟರ್ನ್‌ಗಿಂತ ಕಡಿಮೆ. ಅಂದರೆ ಹಳೆಯ ದಿಬ್ಬಕ್ಕೂ ಕಂದಕಕ್ಕೂ ಆ ಭಾರ ಹೊಸದಲ್ಲ. ತೊಡಕು ಇದ್ದದ್ದು ಹೊಂದಾಣಿಕೆಯಲ್ಲಿ.

ಫಾಲ್ಕನ್ ರಾಕೆಟ್ಟುಗಳನ್ನು ಮಲಗಿಸಿಯೇ ಜೋಡಿಸುತ್ತಾರೆ. ಅದಕ್ಕಾಗಿ ದಿಬ್ಬದ ಬುಡದಲ್ಲಿ, ತೆವಳುಬಂಡಿಯ ದಾರಿಗೆ ಅಡ್ಡಲಾಗಿ, ಒಂದು ಜೋಡಣಾಗಾರವನ್ನು ಕಟ್ಟಲಾಯಿತು. ಅಲ್ಲಿಂದ ಇಳಿಜಾರಿನ ಮೇಲೆ ಹಳಿ ಹಾಕಿದರು. ರಾಕೆಟ್ಟನ್ನು ಹೊತ್ತು ಹಳಿಯ ಮೇಲೆ ಏರಿ, ಕಂದಕದ ನೆತ್ತಿಯಲ್ಲಿ ಅದನ್ನು ನಿಲ್ಲಿಸುವ ಚೌಕಟ್ಟು ಸಿದ್ಧವಾಯಿತು. ಹೊಳೆಗಲ್ಲಿನ ಹಳೆಯ ದಾರಿ ಅಲ್ಲಿಗೆ ಕೊನೆಗೊಂಡಿತು.

ಇಂಧನದ ಏರ್ಪಾಡೂ ಬದಲಾಯಿತು. ಷಟಲ್‌ಗೆ ದ್ರವ ಹೈಡ್ರೋಜನ್ ಬೇಕಿತ್ತು. ಫಾಲ್ಕನ್‌ಗೆ ಬೇಕಾದದ್ದು ಶುದ್ಧೀಕರಿಸಿದ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ. ಸ್ಯಾಟರ್ನ್‌ನ ಮೊದಲ ಹಂತವೂ ಇದೇ ಜೋಡಿಯನ್ನು ಉರಿಸುತ್ತಿತ್ತು. ಆದರೆ ಫಾಲ್ಕನ್ ಆಮ್ಲಜನಕವನ್ನು ಅದರ ಕುದಿಬಿಂದುವಾದ ಮೈನಸ್ 183 ಡಿಗ್ರಿಗಿಂತಲೂ ಕೆಳಗೆ, ಮೈನಸ್ 207 ಡಿಗ್ರಿಯವರೆಗೆ ತಣಿಸಿ ಬಳಸುತ್ತದೆ. ಹೆಚ್ಚು ತಣಿದಷ್ಟೂ ದ್ರವ ಸಾಂದ್ರವಾಗಿ ಅದೇ ತೊಟ್ಟಿಯಲ್ಲಿ ಹೆಚ್ಚು ತುಂಬುತ್ತದೆ. ಆದರೆ ತುಂಬಿ ಬಹಳ ಹೊತ್ತು ಇಡುವಂತಿಲ್ಲ, ಮತ್ತೆ ಕಾವೇರುತ್ತದೆ. ಆದ್ದರಿಂದ ಹಾರಾಟಕ್ಕೆ ಅರ್ಧ ಗಂಟೆಯಷ್ಟೇ ಇರುವಾಗ ಬೇಗಬೇಗನೆ ತುಂಬಬಲ್ಲ ಪಂಪುಗಳೂ ಕೊಳವೆಗಳೂ ಬೇಕಾದವು.

ಷಟಲ್‌ನ ತಿರುಗು ಚೌಕಟ್ಟಿಗೆ ಇನ್ನು ಕೆಲಸವಿರಲಿಲ್ಲ. ಉಡಾವಣೆಗಳ ನಡುವಿನ ಬಿಡುವಿನಲ್ಲಿ ಅದನ್ನು ತುಂಡುತುಂಡಾಗಿ ಬಿಚ್ಚಿದರು. ಸ್ಥಿರ ಗೋಪುರವನ್ನು ಮಾತ್ರ ಉಳಿಸಿಕೊಂಡು, ಗಗನಯಾತ್ರಿಗಳು ನೌಕೆಯನ್ನು ಹತ್ತಲು ಹೊಸ ಸೇತುವೆಯನ್ನು ಷಟಲ್ ಕಾಲಕ್ಕಿಂತ ಸುಮಾರು 20 ಮೀಟರ್ ಮೇಲೆ ಕೂಡಿಸಿದರು. ಹೀಗೆ ಅಪೊಲೊ ಗೋಪುರದ ಉಕ್ಕು ಮೂರನೆಯ ಪೀಳಿಗೆಯ ಸೇವೆಗೂ ಬಂದಿತು.

ಪಣಕ್ಕಿದ್ದದ್ದು ನೆಲ

ಹೊಸ ರಾಕೆಟ್ ಮೊದಲ ಬಾರಿ ಏಳುವಾಗ ಅದೊಂದೇ ಅಪಾಯದಲ್ಲಿರುವುದಿಲ್ಲ. 1969ರ ಜುಲೈ 3ರಂದು, ಅಪೊಲೊ-11 ಹೊರಡಲು 13 ದಿನಗಳಿರುವಾಗ, ಸೋವಿಯತ್ ಒಕ್ಕೂಟದ ಬೈಕನೂರಿನಲ್ಲಿ ಎನ್-1 ಎಂಬ ದೈತ್ಯ ರಾಕೆಟ್ ಎದ್ದ ಕೆಲವೇ ಕ್ಷಣಗಳಲ್ಲಿ ಹಿಂದಕ್ಕೆ ಬಿದ್ದು ವೇದಿಕೆಯನ್ನೇ ನಾಶಮಾಡಿತು. ಆ ತಾಣವನ್ನು ಮುಂದೆ ಎನರ್ಜಿಯಾ ರಾಕೆಟ್ಟಿಗಾಗಿ ಮಾರ್ಪಡಿಸಿದರು. 1988ರ ನವೆಂಬರ್ 15ರಂದು ಬುರಾನ್ ನೌಕೆ ಅಲ್ಲಿಂದ ಹಾರಿತು. ಎನ್-1 ಮಾತ್ರ ಚಂದ್ರನ ದಾರಿ ಹಿಡಿಯಲೇ ಇಲ್ಲ.

ಫ್ಲಾರಿಡಾದಲ್ಲಿಯೂ ಇದೇ ಅಂಜಿಕೆ. 2016ರ ಸೆಪ್ಟೆಂಬರ್ 1ರಂದು ಸ್ಪೇಸ್‌ಎಕ್ಸ್‌ನ ಇನ್ನೊಂದು ವೇದಿಕೆಯಾದ 40ರಲ್ಲಿ, ಪರೀಕ್ಷೆಗೆ ಇಂಧನ ತುಂಬುವಾಗ ರಾಕೆಟ್ ಸಿಡಿದು ವೇದಿಕೆ ಹಾಳಾಯಿತು. ಅದರ ಕೆಲಸವೆಲ್ಲ 39-ಎ ಮೇಲೆ ಬಿತ್ತು. 2017ರ ಫೆಬ್ರವರಿ 19ರಿಂದ ಫಾಲ್ಕನ್-9 ಇಲ್ಲಿಂದ ಹಾರತೊಡಗಿತು. ಗಗನಯಾತ್ರಿಗಳು ಹೊರಡಬೇಕಾಗಿದ್ದುದೂ ಇಲ್ಲಿಂದಲೇ. ಪರೀಕ್ಷೆಯ ರಾಕೆಟ್ಟೊಂದು ಇಲ್ಲಿ ಸಿಡಿದರೆ ಎಲ್ಲವೂ ನಿಲ್ಲುತ್ತಿತ್ತು. ಆದುದರಿಂದ 40ನೆಯ ವೇದಿಕೆ ದುರಸ್ತಿಯಾಗಿ 2017ರ ಡಿಸೆಂಬರಿನಲ್ಲಿ ಮತ್ತೆ ಕೆಲಸಕ್ಕೆ ಬರುವವರೆಗೂ ಫಾಲ್ಕನ್ ಹೆವಿಯ ಉಡಾವಣೆ ಕಾಯಬೇಕಾಯಿತು. ಹಾರಾಟಕ್ಕೆ ಮುನ್ನ ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್, ವೇದಿಕೆಗೆ ಹಾನಿಯಾಗದಷ್ಟು ದೂರ ರಾಕೆಟ್ ಸಾಗಿದರೂ ಅದನ್ನು ಗೆಲುವೆಂದೇ ಎಣಿಸುವುದಾಗಿ ಹೇಳಿದ್ದರು. 2018ರ ಫೆಬ್ರವರಿ 6ರಂದು 27 ಎಂಜಿನುಗಳು ಒಟ್ಟಿಗೆ ಹೊತ್ತಿದವು. ರಾಕೆಟ್ ಏರಿತು, ವೇದಿಕೆ ಉಳಿಯಿತು. 2020ರ ಮೇ 30ರಂದು ಅದೇ ನೆಲದಿಂದ ಇಬ್ಬರು ಗಗನಯಾತ್ರಿಗಳು ಹೊರಟರು.

ಕಂದಕದ ಬೆಲೆ ಏನೆಂಬುದು 2023ರ ಏಪ್ರಿಲ್ 20ರಂದು ಇನ್ನೂ ಚೆನ್ನಾಗಿ ತಿಳಿಯಿತು. ಟೆಕ್ಸಸ್‌ನಲ್ಲಿ ಅದೇ ಕಂಪನಿಯ ಸ್ಟಾರ್‌ಶಿಪ್ ಕಂದಕವಿಲ್ಲದ ಹೊಸ ವೇದಿಕೆಯಿಂದ ಎದ್ದಾಗ ಕೆಳಗಿನ ಕಾಂಕ್ರೀಟ್ ಒಡೆದು ಗುಂಡಿಯಾಯಿತು. ತುಂಡುಗಳು ದೂರದವರೆಗೆ ಚಿಮ್ಮಿದವು. ಮುಂದಿನ ಹಾರಾಟಕ್ಕೆ ಮೊದಲು ನೀರು ಚಿಮ್ಮುವ ಉಕ್ಕಿನ ಹಾಸನ್ನು ಅಲ್ಲಿ ಕೂಡಿಸಬೇಕಾಯಿತು.

ಶ್ರೀಹರಿಕೋಟದ ದಾರಿ

ಭಾರತವೂ ಇಂದು ಇದೇ ಪ್ರಶ್ನೆಯ ಮುಂದೆ ನಿಂತಿದೆ. ಆಂಧ್ರಪ್ರದೇಶದ ಶ್ರೀಹರಿಕೋಟದಲ್ಲಿ 2005ರಿಂದ ಕೆಲಸದಲ್ಲಿರುವ ಎರಡನೆಯ ವೇದಿಕೆಯಿಂದಲೇ ಚಂದ್ರಯಾನ-3 ಹೊರಟಿತು. ಗಗನಯಾನಕ್ಕಾಗಿ ಅದನ್ನೇ ಸಜ್ಜುಗೊಳಿಸಲಾಗುತ್ತಿದೆ. ಆದರೆ 30 ಟನ್ ಭಾರವನ್ನು ಭೂಮಿಯ ಕೆಳಕಕ್ಷೆಗೆ ಒಯ್ಯಬೇಕಾದ ಮುಂದಿನ ಪೀಳಿಗೆಯ ರಾಕೆಟ್ಟನ್ನು ಈಗಿನ ವೇದಿಕೆಗಳು ಹೊರಲಾರವು. ಹಾಗಾಗಿ 2025ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು 3,984.86 ಕೋಟಿ ರೂಪಾಯಿ ವೆಚ್ಚದ ಮೂರನೆಯ ವೇದಿಕೆಗೆ ಒಪ್ಪಿಗೆ ನೀಡಿತು. ಹೊಸ ರಾಕೆಟ್ಟಿನ ಜೊತೆಗೆ ಸುಧಾರಿತ ಎಲ್‌ವಿಎಂ-3 ರಾಕೆಟ್ಟಿಗೂ ಒದಗುವಂತೆ ಅದರ ವಿನ್ಯಾಸವಿದೆ. ಮುಂದಿನ ಮಾರ್ಪಾಡಿಗೆ ಈಗಲೇ ಎಡೆಯಿಟ್ಟು ಕಟ್ಟುವ ಕ್ರಮವಿದು.

ಬಾಹ್ಯಾಕಾಶವೆಂದರೆ ಮಕ್ಕಳಿಗೆ ಗಗನಯಾತ್ರಿಯೇ ನೆನಪಾಗುವುದು ಸಹಜ. ಆದರೆ ಜೌಗು ಮಣ್ಣು ಎಷ್ಟು ಕುಗ್ಗೀತೆಂದು ಅಳೆದವರು, ಕೊಳವೆಯ ಬೆಸುಗೆಯನ್ನು ಪರೀಕ್ಷಿಸಿದವರು, ಕಿತ್ತುಹೋದ ಇಟ್ಟಿಗೆಯ ಜಾಗಕ್ಕೆ ಕಾಂಕ್ರೀಟು ಬಳಿದವರು ಇಲ್ಲದೆ ಯಾರೂ ಹಾರಲಾರರು. ಅವರು ಬಳಸಿದ ವಿದ್ಯೆ ಒತ್ತಡ, ಉಷ್ಣ, ಶಬ್ದ ಮತ್ತು ಸಾಂದ್ರತೆಯದು. ಈ ನಾಲ್ಕು ಪಾಠಗಳೂ ನಮ್ಮ ಪ್ರೌಢಶಾಲೆಯ ವಿಜ್ಞಾನದ ಪುಸ್ತಕದಲ್ಲಿವೆ, ಕನ್ನಡದಲ್ಲಿಯೇ ಇವೆ.